ಪಾಲುದಾರಿಕೆ ಅಂಗಡಿಯಲ್ಲಿ ನಿವೃತ್ತಿ ನಿಧಿ: ಪಾಲುದಾರರಿಗೆ ಎಷ್ಟು, ಕೆಲಸಗಾರರಿಗೆ ಎಷ್ಟು?

ಬನಶಂಕರಿ ಮೂರನೇ ಹಂತಕ್ಕೆ ಹೊಂದಿಕೊಂಡಿರುವ ಇಟ್ಟಮಡು, ಕತ್ರಿಗುಪ್ಪೆ, ಹೊಸಕೆರೆಹಳ್ಳಿ ಭಾಗದ ಅಂಗಡಿ ಸಾಲುಗಳಲ್ಲಿ ಕಿರಾಣಿ, ಬಟ್ಟೆ, ಹಾರ್ಡ್‌ವೇರ್, ಪಾತ್ರೆ, ಆಭರಣ ಹೀಗೆ ಎಲ್ಲ ಬಗೆಯ ವ್ಯಾಪಾರವೂ ಇದೆ. ಇಂಥ ಬಡಾವಣೆಗಳಲ್ಲಿ ಅಣ್ಣ-ತಮ್ಮ, ಚಿಕ್ಕಪ್ಪ-ಮಗ, ಭಾವ-ಮೈದುನ ಸೇರಿ ನಡೆಸುವ ಪಾಲುದಾರಿಕೆ ಸಂಸ್ಥೆಗಳು ಬಹಳ. ಜಿಎಸ್‌ಟಿ, ಬಾಡಿಗೆ, ಬ್ಯಾಂಕ್ ಸಾಲ ಎಲ್ಲದಕ್ಕೂ ಲೆಕ್ಕ ಇರುತ್ತದೆ. ಆದರೆ ಎರಡು ಪ್ರಶ್ನೆಗಳಿಗೆ ಮಾತ್ರ ಅನೇಕ ಅಂಗಡಿಗಳ ಪುಸ್ತಕದಲ್ಲಿ ಉತ್ತರ ಇರುವುದಿಲ್ಲ. ಒಂದು, ಹಿರಿಯ ಪಾಲುದಾರರು 65ನೇ ವಯಸ್ಸಿನಲ್ಲಿ ಗಲ್ಲಾ ಬಿಟ್ಟು ಎದ್ದಾಗ ಅವರ ಕೈಗೆ ಏನು ಬರುತ್ತದೆ? ಎರಡು, ಅದೇ ಅಂಗಡಿಯಲ್ಲಿ 25 ವರ್ಷ ತಕ್ಕಡಿ ಹಿಡಿದ ಗುಮಾಸ್ತನ ಕೈಗೆ ಏನು ಬರುತ್ತದೆ?

ಈ ಎರಡೂ ಪ್ರಶ್ನೆಗಳು ಒಂದಕ್ಕೊಂದು ಹೊಂದಿಕೊಂಡಿವೆ. ಮಾಲೀಕರಿಗೆ ಮಾತ್ರ ನಿಧಿ ಕಟ್ಟಿ ಕೆಲಸಗಾರರನ್ನು ಬಿಟ್ಟರೆ ಏನಾಗಬೇಕು ಎಂಬುದಕ್ಕೆ ಅಮೆರಿಕದಲ್ಲಿ ಒಂದು ಸ್ಪಷ್ಟ ಕಾನೂನು ಇದೆ. ಭಾರತದಲ್ಲಿ ಅದೇ ಚಿಂತೆಗೆ ಬೇರೆ ದಾರಿ ಹಿಡಿಯಲಾಗಿದೆ. ಎರಡನ್ನೂ ತಿಳಿದುಕೊಂಡರೆ ನಮ್ಮ ಕುಟುಂಬಗಳ ಅಂಗಡಿಗಳಲ್ಲಿ ಏನು ಮಾಡಬಹುದು ಎಂಬುದು ತಿಳಿಯಾಗುತ್ತದೆ.

1. ಪಾಲುದಾರ ನೌಕರನಲ್ಲ

ಎಲ್ಲಕ್ಕಿಂತ ಮೊದಲು ತಿಳಿಯಬೇಕಾದ ಮಾತು ಇದು. ಪಾಲುದಾರರು ಅಂಗಡಿಯಿಂದ ಪ್ರತಿ ತಿಂಗಳು ಸಂಬಳ ಎಂದು ಬರೆದು ತೆಗೆದುಕೊಂಡರೂ ಕಾನೂನಿನ ಕಣ್ಣಿನಲ್ಲಿ ಅದು ಸಂಬಳವಲ್ಲ. ಸಂಸ್ಥೆ ಬೇರೆ, ಪಾಲುದಾರ ಬೇರೆ ಎಂದು ಪಾಲುದಾರಿಕೆ ಕಾನೂನು ನೋಡುವುದಿಲ್ಲ. ತನಗೆ ತಾನೇ ಯಜಮಾನ, ತನಗೆ ತಾನೇ ನೌಕರ ಆಗಲು ಬರುವುದಿಲ್ಲ. ಪಾಲುದಾರನ ಸಂಬಳ ನಿಜವಾಗಿ ಲಾಭದ ಒಂದು ಭಾಗವೇ ಎಂದು ಸುಪ್ರೀಂ ಕೋರ್ಟ್ ಆರ್.ಎಂ. ಚಿದಂಬರಂ ಪಿಳ್ಳೆ ಪ್ರಕರಣದಲ್ಲಿ ಹೇಳಿದೆ. ವೇತನ ಪಡೆಯುವ ಪಾಲುದಾರರನ್ನು ಇಎಸ್‌ಐ ಕಾಯ್ದೆಯ ನೌಕರರ ಲೆಕ್ಕಕ್ಕೆ ಸೇರಿಸಬಹುದೇ ಎಂಬ ಪ್ರಶ್ನೆ ರಾಮಾನುಜ ಮ್ಯಾಚ್ ಇಂಡಸ್ಟ್ರೀಸ್ ಪ್ರಕರಣದಲ್ಲಿ ಬಂದಾಗಲೂ, ಸೇರಿಸುವಂತಿಲ್ಲ ಎಂದೇ ಅದೇ ನ್ಯಾಯಾಲಯ ತೀರ್ಪು ಕೊಟ್ಟಿತು.

ಇದರ ಪರಿಣಾಮಗಳು ಹೀಗಿವೆ.

ಪಾಲುದಾರರು ತಮ್ಮದೇ ಸಂಸ್ಥೆಯ ನೌಕರರಾಗಿ ಪಿಎಫ್ ಸದಸ್ಯರಾಗುವಂತಿಲ್ಲ.

ಪಾಲುದಾರರಿಗೆ ಗ್ರಾಚ್ಯುಟಿ ಇಲ್ಲ.

ಮಾಲೀಕ ಸಂಸ್ಥೆ ನೌಕರನ ಎನ್‌ಪಿಎಸ್ ಖಾತೆಗೆ ಕಟ್ಟಿದ ಹಣಕ್ಕೆ ಸೆಕ್ಷನ್ 80 ಸಿಸಿಡಿ(2)ರಲ್ಲಿ ಸಿಗುವ ವಿನಾಯಿತಿ ಪಾಲುದಾರರಿಗೆ ಸಿಗುವುದಿಲ್ಲ. ಅದು ಸಂಬಳದಾರರಿಗೆ ಮಾತ್ರ.

ಪಾಲುದಾರರು ಪಡೆಯುವ ಸಂಭಾವನೆ ಮತ್ತು ಬಂಡವಾಳದ ಬಡ್ಡಿ ಅವರ ರಿಟರ್ನ್‌ನಲ್ಲಿ ವ್ಯಾಪಾರದ ಆದಾಯ ಎಂದು ಬರುತ್ತದೆ. ಸಂಬಳದಾರರಿಗೆ ಸಿಗುವ ಸ್ಟ್ಯಾಂಡರ್ಡ್ ಡಿಡಕ್ಷನ್ ಇದಕ್ಕೆ ಇಲ್ಲ.

ಇಲ್ಲಿ ಆದಾಯ ತೆರಿಗೆಯ ಸೆಕ್ಷನ್ ಸಂಖ್ಯೆಗಳನ್ನು ಎಲ್ಲರಿಗೂ ಪರಿಚಯವಿರುವ 1961ರ ಕಾಯ್ದೆಯಂತೆ ಕೊಡಲಾಗಿದೆ. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಅನ್ವಯವಾಗುವುದರಿಂದ ಸಂಖ್ಯೆಗಳು ಬದಲಾಗುತ್ತವೆ. ಕಾಗದ ಬರೆಸುವಾಗ ಆಡಿಟರ್ ಬಳಿ ಹೊಸ ಸಂಖ್ಯೆ ಕೇಳಿಕೊಳ್ಳಬೇಕು.

2. ಪಾಲುದಾರರ ಸಂಭಾವನೆಗೆ ಮಿತಿ

ಕೆಲಸ ಮಾಡುವ ಪಾಲುದಾರರಿಗೆ ಕೊಟ್ಟ ಸಂಭಾವನೆಯನ್ನು ಸಂಸ್ಥೆ ಖರ್ಚು ಎಂದು ತೋರಿಸಲು ಸೆಕ್ಷನ್ 40(ಬಿ) ಒಂದು ಮಿತಿ ಹಾಕಿದೆ. 2024-25ನೇ ಹಣಕಾಸು ವರ್ಷದಿಂದ ಆ ಮಿತಿ ಹೀಗಿದೆ: ಬುಕ್ ಪ್ರಾಫಿಟ್, ಅಂದರೆ ಸಂಭಾವನೆ ಕಳೆಯುವ ಮೊದಲಿನ ಲಾಭದಲ್ಲಿ, ಮೊದಲ 6 ಲಕ್ಷ ರೂಪಾಯಿಗೆ ಶೇ. 90 ಅಥವಾ 3 ಲಕ್ಷ ರೂಪಾಯಿ, ಯಾವುದು ಹೆಚ್ಚೋ ಅದು. ಉಳಿದ ಲಾಭಕ್ಕೆ ಶೇ. 60. ನಷ್ಟವಾದ ವರ್ಷದಲ್ಲೂ 3 ಲಕ್ಷದವರೆಗೆ ಕೊಡಬಹುದು. ಬಂಡವಾಳದ ಮೇಲಿನ ಬಡ್ಡಿಗೆ ವರ್ಷಕ್ಕೆ ಶೇ. 12ರ ಮಿತಿ.

ಇದಕ್ಕೆ ಎರಡು ಷರತ್ತು. ಪಾಲುದಾರಿಕೆ ಪತ್ರದಲ್ಲಿ ಸಂಭಾವನೆಯ ಮೊತ್ತ ಅಥವಾ ಅದನ್ನು ಲೆಕ್ಕ ಹಾಕುವ ರೀತಿ ಬರೆದಿರಬೇಕು. 'ಪಾಲುದಾರರು ಆಗಾಗ್ಗೆ ತೀರ್ಮಾನಿಸಿದಂತೆ' ಎಂದು ಬರೆದರೆ ಸಾಲದು. ಮತ್ತು ಸಂಭಾವನೆ ಪಡೆಯುವವರು ನಿಜವಾಗಿ ಅಂಗಡಿಯಲ್ಲಿ ಕೆಲಸ ಮಾಡುವ ವ್ಯಕ್ತಿಯಾಗಿರಬೇಕು. ಸೆಕ್ಷನ್ 44 ಎಡಿಯಂತೆ ವಹಿವಾಟಿನ ಮೇಲೆ ಅಂದಾಜು ಲಾಭ ತೋರಿಸುವ ಸಂಸ್ಥೆಗಳು ಆ ಲಾಭದಿಂದ ಸಂಭಾವನೆಯನ್ನೂ ಬಡ್ಡಿಯನ್ನೂ ಮತ್ತೆ ಕಳೆಯುವಂತಿಲ್ಲ.

2025ರ ಏಪ್ರಿಲ್ 1ರಿಂದ ಸೆಕ್ಷನ್ 194 ಟಿ ಬಂದಿದೆ. ಪಾಲುದಾರನಿಗೆ ವರ್ಷದಲ್ಲಿ ಕೊಡುವ ಸಂಭಾವನೆ, ಬಡ್ಡಿ, ಕಮಿಷನ್ ಎಲ್ಲ ಸೇರಿ 20,000 ರೂಪಾಯಿ ದಾಟಿದರೆ ಸಂಸ್ಥೆ ಶೇ. 10 ಟಿಡಿಎಸ್ ಮುರಿಯಬೇಕು. ಪಾಲುದಾರನ ಖಾತೆಗೆ ಜಮಾ ಮಾಡಿದರೂ ಇದು ಅನ್ವಯ. ಮನೆ ಖರ್ಚಿಗೆ ಗಲ್ಲಾದಿಂದ ಕೈಗೆ ಬಂದಷ್ಟು ತೆಗೆದು ಮಾರ್ಚ್ ಕೊನೆಯಲ್ಲಿ ಹೊಂದಿಸುವ ಪದ್ಧತಿ ಇನ್ನು ನಡೆಯುವುದು ಕಷ್ಟ.

3. ಕೆಲಸಗಾರರ ವಿಷಯದಲ್ಲಿ 10 ಮತ್ತು 20ರ ಗೆರೆ

ಕೆಲಸಗಾರರ ನಿವೃತ್ತಿಯ ಹಣ ಕಾನೂನಿನಲ್ಲಿ ತಲೆ ಎಣಿಕೆಯ ಮೇಲೆ ನಿಂತಿದೆ.

10 ಅಥವಾ ಹೆಚ್ಚು ಜನ: ಗ್ರಾಚ್ಯುಟಿ ಅನ್ವಯ. ಹಿಂದಿನ 12 ತಿಂಗಳಲ್ಲಿ ಯಾವುದೇ ಒಂದು ದಿನ 10 ಜನ ಇದ್ದರೂ ಸಾಕು. ಒಮ್ಮೆ ಅನ್ವಯವಾದ ಮೇಲೆ ಸಂಖ್ಯೆ ಇಳಿದರೂ ಹೊಣೆ ಹೋಗುವುದಿಲ್ಲ. ಐದು ವರ್ಷ ಸತತ ಸೇವೆ ಮಾಡಿದವರಿಗೆ ಪ್ರತಿ ವರ್ಷಕ್ಕೆ 15 ದಿನದ ವೇತನ. ತಿಂಗಳಿಗೆ 26 ದಿನ ಎಂದು ಲೆಕ್ಕ. ಮೊತ್ತದ ಮಿತಿ 20 ಲಕ್ಷ ರೂಪಾಯಿ. ಕೆಲಸಗಾರ ತೀರಿಕೊಂಡರೆ ಐದು ವರ್ಷದ ಷರತ್ತು ಇಲ್ಲ. 2025ರ ನವೆಂಬರ್ 21ರಿಂದ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿದ್ದು, ನಿಗದಿತ ಅವಧಿಗೆ ನೇಮಿಸಿಕೊಂಡವರಿಗೆ ಒಂದು ವರ್ಷದ ಸೇವೆಗೇ ಗ್ರಾಚ್ಯುಟಿ ಸಲ್ಲುತ್ತದೆ. ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟಿದರೆ ದಾಟಿದ ಭಾಗವನ್ನೂ ವೇತನಕ್ಕೆ ಸೇರಿಸಿ ಲೆಕ್ಕ ಹಾಕಬೇಕು.

20 ಅಥವಾ ಹೆಚ್ಚು ಜನ: ಪಿಎಫ್ ಕಡ್ಡಾಯ. ಕೆಲಸಗಾರನಿಂದ ಶೇ. 12, ಅಂಗಡಿಯಿಂದ ಶೇ. 12. ಅಂಗಡಿಯ ಪಾಲಿನಲ್ಲಿ ಶೇ. 8.33 ಪಿಂಚಣಿ ಯೋಜನೆಗೆ, ಉಳಿದ ಶೇ. 3.67 ಪಿಎಫ್ ಖಾತೆಗೆ. 2014ರ ಸೆಪ್ಟೆಂಬರ್‌ನಿಂದ ವೇತನ ಮಿತಿ 15,000 ರೂಪಾಯಿ. ಅಷ್ಟು ಸಂಬಳದವರಿಗೆ ಇಬ್ಬರ ಪಾಲೂ ತಲಾ 1,800 ರೂಪಾಯಿ. ಅಂಗಡಿಯ 1,800ರಲ್ಲಿ 1,250 ಪಿಂಚಣಿಗೆ, 550 ಪಿಎಫ್‌ಗೆ. ಇದರ ಜೊತೆ ವಿಮೆ ಮತ್ತು ಆಡಳಿತ ಶುಲ್ಕ ಸ್ವಲ್ಪ. ಪಿಎಫ್ ವಿಮೆಯಿಂದ ಸೇವೆಯಲ್ಲಿದ್ದಾಗ ತೀರಿಕೊಂಡವರ ಮನೆಗೆ 7 ಲಕ್ಷದವರೆಗೆ ಸಿಗಬಹುದು.

10ಕ್ಕಿಂತ ಕಡಿಮೆ ಜನ: ನಿವೃತ್ತಿಯ ಹಣ ಕಡ್ಡಾಯವಿಲ್ಲ. ಇಟ್ಟಮಡುವಿನಂಥ ಬಡಾವಣೆಯ ಹೆಚ್ಚಿನ ಅಂಗಡಿಗಳು ಇರುವುದು ಈ ಗೆರೆಯ ಕೆಳಗೆ. ಅಂದರೆ ಮಾಲೀಕರು ಮನಸ್ಸು ಮಾಡಿ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ನಿಜವಾದ ಪ್ರಶ್ನೆ ಹುಟ್ಟುವುದು ಇಲ್ಲೇ.

ಗಮನಿಸಬೇಕಾದ ಇನ್ನೊಂದು ವಿಷಯ: ಪಾಲುದಾರನಲ್ಲದ ಮಗ, ಸೊಸೆ, ತಮ್ಮನ ಮಗ ಸಂಬಳ ಪಡೆದು ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದರೆ ಅವರು ನೌಕರರೇ. ತಲೆ ಎಣಿಕೆಗೆ ಅವರೂ ಸೇರುತ್ತಾರೆ.

4. ಅಮೆರಿಕದ 'ಟಾಪ್ ಹೆವಿ' ನಿಯಮ ಏನು ಹೇಳುತ್ತದೆ

ನಮ್ಮ ಅನೇಕ ಕುಟುಂಬಗಳ ಮಕ್ಕಳು ಅಮೆರಿಕದಲ್ಲಿದ್ದಾರೆ. ಅಲ್ಲಿ ಪಾಲುದಾರಿಕೆಯಲ್ಲಿ ಕ್ಲಿನಿಕ್, ಲೆಕ್ಕಪತ್ರದ ಕಚೇರಿ ಅಥವಾ ಅಂಗಡಿ ನಡೆಸುವವರಿಗೆ ಈ ನಿಯಮ ನೇರವಾಗಿ ತಟ್ಟುತ್ತದೆ. ಇಲ್ಲಿರುವವರಿಗೂ ಅದರ ತರ್ಕ ತಿಳಿದರೆ ಉಪಯೋಗವಿದೆ.

ಅಮೆರಿಕದಲ್ಲಿ ಪಾಲುದಾರರೂ ತಮ್ಮ ಸಂಸ್ಥೆಯ ನಿವೃತ್ತಿ ಯೋಜನೆಗೆ ಸೇರಬಹುದು. ಅವರ ದುಡಿಮೆಯ ಆದಾಯವನ್ನೇ ಸಂಬಳವೆಂದು ಹಿಡಿಯಲಾಗುತ್ತದೆ. ಹೀಗೆ ಬಿಟ್ಟಾಗ ತೆರಿಗೆ ವಿನಾಯಿತಿಯ ಲಾಭವೆಲ್ಲ ಮಾಲೀಕರ ಖಾತೆಗೇ ಹೋಗುವ ಅಪಾಯ ಬಂತು. ಅದಕ್ಕಾಗಿ 1982ರ ತೆರಿಗೆ ಕಾಯ್ದೆಯಲ್ಲಿ ಹೊಸ ನಿಯಮ ತಂದರು; ಅದು ಈಗ ಅಲ್ಲಿನ ತೆರಿಗೆ ಸಂಹಿತೆಯ ಸೆಕ್ಷನ್ 416. ಅದರ ಸಾರ ಇಷ್ಟು.

ಹಿಂದಿನ ಯೋಜನಾ ವರ್ಷದ ಕೊನೆಯ ದಿನ ನಿಧಿಯ ಒಟ್ಟು ಮೊತ್ತದಲ್ಲಿ ಶೇ. 60ಕ್ಕಿಂತ ಹೆಚ್ಚು 'ಮುಖ್ಯ' ವ್ಯಕ್ತಿಗಳ ಖಾತೆಗಳಲ್ಲಿದ್ದರೆ ಆ ಯೋಜನೆ ಟಾಪ್ ಹೆವಿ, ಅಂದರೆ ತಲೆಭಾರದ ಯೋಜನೆ.

ಸಂಸ್ಥೆಯಲ್ಲಿ ಶೇ. 5ಕ್ಕಿಂತ ಹೆಚ್ಚು ಪಾಲು ಇರುವವರು ಮುಖ್ಯ ವ್ಯಕ್ತಿಗಳು. ಶೇ. 1ಕ್ಕಿಂತ ಹೆಚ್ಚು ಪಾಲಿದ್ದು ವರ್ಷಕ್ಕೆ 1,50,000 ಡಾಲರ್‌ಗಿಂತ ಹೆಚ್ಚು ಪಡೆಯುವವರು, ನಿಗದಿತ ಮಿತಿಗಿಂತ ಹೆಚ್ಚು ಸಂಬಳದ ಅಧಿಕಾರಿಗಳು ಕೂಡ ಈ ಗುಂಪಿಗೆ ಸೇರುತ್ತಾರೆ.

ಹೆಂಡತಿ, ಗಂಡ, ಮಕ್ಕಳು, ತಂದೆತಾಯಿಯ ಪಾಲನ್ನು ಒಬ್ಬರದೆಂದೇ ಎಣಿಸಲಾಗುತ್ತದೆ. ಮಗನ ಹೆಸರಿನಲ್ಲಿ ಒಂದೂ ಪಾಲು ಇಲ್ಲದಿದ್ದರೂ ತಂದೆಯ ಪಾಲಿನಿಂದ ಮಗನೂ ಮುಖ್ಯ ವ್ಯಕ್ತಿಯಾಗುತ್ತಾನೆ. ಕುಟುಂಬದ ಸಂಸ್ಥೆಗಳು ಎಡವುವುದು ಹೆಚ್ಚಾಗಿ ಇಲ್ಲಿ.

ಯೋಜನೆ ತಲೆಭಾರವಾದರೆ ಉಳಿದ ಕೆಲಸಗಾರರ ಖಾತೆಗೆ ಸಂಸ್ಥೆ ಅವರ ವರ್ಷದ ಸಂಬಳದ ಕನಿಷ್ಠ ಶೇ. 3 ಕಟ್ಟಬೇಕು. ಆ ವರ್ಷ ಯಾವ ಮುಖ್ಯ ವ್ಯಕ್ತಿಗೂ ಶೇ. 3ರಷ್ಟು ಜಮೆ ಆಗದಿದ್ದರೆ, ಅವರಲ್ಲಿ ಅತಿ ಹೆಚ್ಚು ಪಡೆದವರ ಪ್ರಮಾಣವೇ ಕೆಲಸಗಾರರಿಗೆ ಸಾಕು.

ಕೆಲಸಗಾರ ತನ್ನ ಕೈಯಿಂದ ಒಂದು ಡಾಲರ್ ಕಟ್ಟದಿದ್ದರೂ ಈ ಶೇ. 3 ಸಲ್ಲಬೇಕು ಎಂಬುದು ಇದರ ಮುಖ್ಯ ಗುಣ. 'ಅವನು ಉಳಿತಾಯ ಮಾಡಲಿಲ್ಲ, ನಾವೇನು ಮಾಡೋಣ' ಎಂಬ ಮಾತಿಗೆ ಅಲ್ಲಿ ಜಾಗವಿಲ್ಲ. ಮೊದಲೇ ಎಲ್ಲರಿಗೂ ನಿಗದಿತ ಪ್ರಮಾಣ ಕಟ್ಟುವ 'ಸೇಫ್ ಹಾರ್ಬರ್' ಬಗೆಯ 401(ಕೆ) ಯೋಜನೆ ಮಾಡಿಕೊಂಡವರಿಗೆ, ಬೇರೆ ಜಮೆ ಇಲ್ಲದಿದ್ದರೆ, ಈ ಪರೀಕ್ಷೆಯಿಂದ ವಿನಾಯಿತಿ ಇದೆ. ಅಲ್ಲಿ ವ್ಯವಹಾರ ನಡೆಸುವ ಮಕ್ಕಳು ಯೋಜನೆ ಆರಂಭಿಸುವ ಮೊದಲೇ ಇದನ್ನು ತಮ್ಮ ಸಲಹೆಗಾರರ ಬಳಿ ಕೇಳಿಕೊಳ್ಳುವುದು ಒಳ್ಳೆಯದು.

5. ಭಾರತ ಹಿಡಿದ ದಾರಿ

ನಮ್ಮ ಕಾನೂನಿಗೂ ಇದೇ ಚಿಂತೆ ಇತ್ತು. ಆದರೆ ಇಲ್ಲಿ 'ಮಾಲೀಕರು ಸೇರಲಿ, ಜೊತೆಗೆ ಕೆಲಸಗಾರರಿಗೂ ಕೊಡಲಿ' ಎನ್ನದೆ, 'ಮಾಲೀಕರು ಹೊರಗಿರಲಿ' ಎಂದರು. ಪಾಲುದಾರ ನೌಕರನೇ ಅಲ್ಲವಾದ್ದರಿಂದ ನೌಕರರ ನಿಧಿಗೆ ಸೇರುವ ಪ್ರಶ್ನೆಯೇ ಇಲ್ಲ. ಕಂಪನಿಗಳ ವಿಷಯದಲ್ಲೂ 1962ರ ಆದಾಯ ತೆರಿಗೆ ನಿಯಮಗಳು ಇಂಥದೇ ಬೇಲಿ ಹಾಕಿವೆ. ಅನುಮೋದಿತ ಸೂಪರ್‌ಆನ್ಯುಯೇಷನ್ ನಿಧಿಗೆ ನಿರ್ದೇಶಕರೊಬ್ಬರು ಸೇರಬೇಕಾದರೆ ಪೂರ್ಣಕಾಲಿಕ ನೌಕರರಾಗಿರಬೇಕು ಮತ್ತು ಶೇ. 5ಕ್ಕಿಂತ ಹೆಚ್ಚು ಮತಾಧಿಕಾರದ ಷೇರು ಹೊಂದಿರಬಾರದು. ಅಮೆರಿಕದಲ್ಲೂ ಶೇ. 5, ಇಲ್ಲೂ ಶೇ. 5. ಅಲ್ಲಿ ಆ ಗೆರೆ ದಾಟಿದ ಮಾಲೀಕ ಒಳಗೇ ಇದ್ದು ಇತರರಿಗೂ ಕೊಡಬೇಕು. ಇಲ್ಲಿ ಹೊರಗೆ ನಿಲ್ಲಬೇಕು.

ಜೊತೆಗೆ ಸೆಕ್ಷನ್ 40 ಎ(9) ಇದೆ. ಅಂಗಡಿಯವರು ತಾವೇ ಒಂದು ಹುಂಡಿ ಮಾಡಿ, 'ನಿವೃತ್ತಿ ನಿಧಿ' ಎಂದು ಹೆಸರಿಟ್ಟು ಪ್ರತಿ ವರ್ಷ ಹಣ ತೆಗೆದಿಟ್ಟರೆ ಅದು ತೆರಿಗೆ ಲೆಕ್ಕಕ್ಕೆ ಖರ್ಚು ಆಗುವುದಿಲ್ಲ. ಮಾನ್ಯತೆ ಪಡೆದ ಪಿಎಫ್, ಅನುಮೋದಿತ ಗ್ರಾಚ್ಯುಟಿ ನಿಧಿ, ಎನ್‌ಪಿಎಸ್ ಇಂಥವಕ್ಕೆ ಕಟ್ಟಿದರೆ ಮಾತ್ರ ಆಗುತ್ತದೆ.

ಈ ದಾರಿಯ ಒಂದು ದೋಷ ಎಂದರೆ, ಮಾಲೀಕರೂ ಕೆಲಸಗಾರರೂ ಒಂದೇ ನಿಧಿಯಲ್ಲಿ ಇಲ್ಲದ ಕಾರಣ ಸಣ್ಣ ಅಂಗಡಿಯಲ್ಲಿ ಇಬ್ಬರನ್ನೂ ಹೋಲಿಸಿ ನೋಡುವ ಲೆಕ್ಕವೇ ಬರುವುದಿಲ್ಲ. ಪಾಲುದಾರರು ಸ್ವಂತ ಹೆಸರಿನಲ್ಲಿ ಪಿಪಿಎಫ್, ನಿವೇಶನ, ಚಿನ್ನ ಮಾಡಿಕೊಳ್ಳುತ್ತಾರೆ. ಕೆಲಸಗಾರನ ಬಳಿ ಏನಿದೆ ಎಂದು ಕೇಳುವ ಕಾಲಮ್ಮು ಯಾವ ಫಾರಂನಲ್ಲೂ ಇಲ್ಲ.

6. ಒಂದು ಉದಾಹರಣೆ ಲೆಕ್ಕ

ತಿಳಿವಳಿಕೆಗಾಗಿ ಒಂದು ಕಲ್ಪಿತ ಅಂಗಡಿ ತೆಗೆದುಕೊಳ್ಳೋಣ. ಮೂವರು ಪಾಲುದಾರರು, ಆರು ಜನ ಕೆಲಸಗಾರರು. ಕೆಲಸಗಾರರಿಗೆ ತಿಂಗಳಿಗೆ ತಲಾ 15,000 ರೂಪಾಯಿ. ಬುಕ್ ಪ್ರಾಫಿಟ್ 12 ಲಕ್ಷ.

ಪಾಲುದಾರರ ಸಂಭಾವನೆಯ ಮಿತಿ: ಮೊದಲ 6 ಲಕ್ಷಕ್ಕೆ ಶೇ. 90 ಎಂದರೆ 5,40,000. ಉಳಿದ 6 ಲಕ್ಷಕ್ಕೆ ಶೇ. 60 ಎಂದರೆ 3,60,000. ಒಟ್ಟು 9,00,000, ತಲಾ 3 ಲಕ್ಷ. ಪ್ರತಿಯೊಬ್ಬರಿಗೂ 30,000 ಟಿಡಿಎಸ್. ಉಳಿದ 3 ಲಕ್ಷ ಲಾಭಕ್ಕೆ ಸಂಸ್ಥೆ ಶೇ. 30 ತೆರಿಗೆ ಮತ್ತು ಅದರ ಮೇಲೆ ಶೇ. 4 ಸೆಸ್ ಸೇರಿ 93,600 ಕಟ್ಟುತ್ತದೆ. ಮಿಕ್ಕ 2,06,400 ಪಾಲುದಾರರಿಗೆ ಹಂಚಿಕೆ. ಅದಕ್ಕೆ ಅವರ ಕೈಯಲ್ಲಿ ಮತ್ತೆ ತೆರಿಗೆ ಇಲ್ಲ.

ಈಗ ನಿವೃತ್ತಿಯ ಉಳಿತಾಯ. ಮೂವರು ಪಾಲುದಾರರ ಪಿಪಿಎಫ್ ಮತ್ತು ಎನ್‌ಪಿಎಸ್ ಸೇರಿ 36 ಲಕ್ಷ, ಆರು ಕೆಲಸಗಾರರದು ಎಲ್ಲ ಸೇರಿ 4 ಲಕ್ಷ ಎಂದುಕೊಳ್ಳೋಣ. ಒಟ್ಟು 40 ಲಕ್ಷದಲ್ಲಿ ಪಾಲುದಾರರದು ಶೇ. 90. ಅಮೆರಿಕದ ಅಳತೆಗೋಲು ಹಿಡಿದರೆ ಇದು ಪೂರಾ ತಲೆಭಾರ. ಅಲ್ಲಿನ ಶೇ. 3ರ ಲೆಕ್ಕ ಇಲ್ಲಿಗೆ ತಂದರೆ ಒಬ್ಬ ಕೆಲಸಗಾರನಿಗೆ ತಿಂಗಳಿಗೆ 450, ವರ್ಷಕ್ಕೆ 5,400. ಆರು ಜನಕ್ಕೆ ವರ್ಷಕ್ಕೆ 32,400 ರೂಪಾಯಿ. 12 ಲಕ್ಷ ಲಾಭದಲ್ಲಿ ಇದು ಶೇ. 2.7.

ತಿಂಗಳಿಗೆ 450ರಂತೆ 25 ವರ್ಷ ಕಟ್ಟಿದರೆ ಅಸಲು 1,35,000. ಶೇ. 7ರ ಬಡ್ಡಿ ಸಿಕ್ಕರೆ ಕೊನೆಗೆ ಸುಮಾರು 3.6 ಲಕ್ಷ. ಇದೇ ಕೆಲಸಗಾರ 10 ಜನರಿರುವ ಅಂಗಡಿಯಲ್ಲಿದ್ದು, ಕೊನೆಯ ವೇತನವೂ 15,000 ಇದ್ದು 25 ವರ್ಷಕ್ಕೆ ಬಿಟ್ಟಿದ್ದರೆ ಗ್ರಾಚ್ಯುಟಿ 2,16,346 ರೂಪಾಯಿ ಬರುತ್ತಿತ್ತು. ಆರು ಜನರ ಅಂಗಡಿಯಲ್ಲಿ ಕಾನೂನಿನ ಪ್ರಕಾರ ಸೊನ್ನೆ. ದುಡಿಮೆ ಒಂದೇ, ಪಕ್ಕದ ಬೀದಿ ಮಾತ್ರ ಬೇರೆ.

7. ಪಾಲುದಾರರು ತಮಗಾಗಿ ಏನು ಮಾಡಬಹುದು

ಎನ್‌ಪಿಎಸ್: 2009ರ ಮೇ 1ರಿಂದ ಎಲ್ಲ ನಾಗರಿಕರಿಗೂ ತೆರೆದಿದೆ. ಪಾಲುದಾರರು ಸ್ವಂತ ಹೆಸರಿನಲ್ಲಿ ಖಾತೆ ತೆರೆಯಬಹುದು. ಹಳೆಯ ತೆರಿಗೆ ಪದ್ಧತಿಯಲ್ಲಿರುವ ಸ್ವಯಂ ಉದ್ಯೋಗಿಗಳಿಗೆ ಒಟ್ಟು ಆದಾಯದ ಶೇ. 20ರವರೆಗೆ, 1.5 ಲಕ್ಷದ ಒಟ್ಟು ಮಿತಿಯೊಳಗೆ ವಿನಾಯಿತಿ. ಅದರ ಮೇಲೆ ಇನ್ನೂ 50,000. ಹೊಸ ಪದ್ಧತಿ ಆರಿಸಿದವರಿಗೆ ಈ ಎರಡೂ ಇಲ್ಲ. ಖಾತೆ ಮುಗಿಸುವಾಗ ಒಂದು ಭಾಗದಿಂದ ಪಿಂಚಣಿ ಕೊಳ್ಳಬೇಕು ಎಂಬುದನ್ನು ನೆನಪಿಡಬೇಕು.

ಪಿಪಿಎಫ್: 15 ವರ್ಷದ ಅವಧಿ, ವರ್ಷಕ್ಕೆ 500ರಿಂದ 1.5 ಲಕ್ಷದವರೆಗೆ. 2020ರ ಏಪ್ರಿಲ್‌ನಲ್ಲಿ ಬಡ್ಡಿಯನ್ನು ಶೇ. 7.1ಕ್ಕೆ ನಿಗದಿ ಮಾಡಲಾಯಿತು. ಬಡ್ಡಿಗೆ ತೆರಿಗೆ ಇಲ್ಲ.

ಹಿರಿಯ ನಾಗರಿಕರ ಉಳಿತಾಯ ಯೋಜನೆ: 60 ದಾಟಿದವರಿಗೆ. 2023ರ ಏಪ್ರಿಲ್‌ನಿಂದ ಮಿತಿ 15 ಲಕ್ಷದಿಂದ 30 ಲಕ್ಷಕ್ಕೆ ಏರಿತು. ಬಡ್ಡಿಯೂ ಆಗ ಶೇ. 8.2 ಆಯಿತು. ಮೂರು ತಿಂಗಳಿಗೊಮ್ಮೆ ಬಡ್ಡಿ ಕೈಗೆ ಬರುತ್ತದೆ.

ಸಣ್ಣ ವ್ಯಾಪಾರಿಗಳ ಪಿಂಚಣಿ ಯೋಜನೆ: 2019ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ್ದು. 18ರಿಂದ 40 ವಯಸ್ಸಿನ, ವಾರ್ಷಿಕ ವಹಿವಾಟು 1.5 ಕೋಟಿ ಮೀರದ, ಆದಾಯ ತೆರಿಗೆ ಕಟ್ಟದ ವ್ಯಾಪಾರಿಗಳಿಗೆ. ವಯಸ್ಸಿಗೆ ತಕ್ಕಂತೆ ತಿಂಗಳಿಗೆ 55ರಿಂದ 200 ರೂಪಾಯಿ ಕಟ್ಟಿದರೆ ಸರ್ಕಾರವೂ ಅಷ್ಟೇ ಕಟ್ಟುತ್ತದೆ. 60ರ ನಂತರ ತಿಂಗಳಿಗೆ 3,000.

ಇವೆಲ್ಲ ಇದ್ದರೂ ಬಹುತೇಕ ಹಿರಿಯ ಪಾಲುದಾರರ ನಿಜವಾದ ನಿವೃತ್ತಿ ನಿಧಿ ಅಂಗಡಿಯಲ್ಲೇ ಸಿಕ್ಕಿಕೊಂಡಿರುತ್ತದೆ: ಬಂಡವಾಳ ಖಾತೆಯ ರೂಪದಲ್ಲಿ. ಅದನ್ನು ಹೊರಗೆ ತರುವುದು ಪಾಲುದಾರಿಕೆ ಪತ್ರ ಹೇಗಿದೆ ಎಂಬುದರ ಮೇಲೆ ನಿಂತಿದೆ.

8. ಪಾಲುದಾರಿಕೆ ಪತ್ರದಲ್ಲಿ ನೋಡಬೇಕಾದ ಕಲಮುಗಳು

1932ರ ಪಾಲುದಾರಿಕೆ ಕಾಯ್ದೆ ಬಹಳಷ್ಟನ್ನು ಪಾಲುದಾರರ ಒಪ್ಪಂದಕ್ಕೇ ಬಿಟ್ಟಿದೆ. ಒಪ್ಪಂದದಲ್ಲಿ ಇಲ್ಲದಿದ್ದರೆ ಕಾಯ್ದೆಯ ಮಾತು ನಡೆಯುತ್ತದೆ. ಆ ಮಾತು ಎಲ್ಲರಿಗೂ ಹಿತವಾಗಿರಲಾರದು.

ಸಂಭಾವನೆ: ಒಪ್ಪಂದ ಇಲ್ಲದಿದ್ದರೆ ಪಾಲುದಾರನಿಗೆ ಕೆಲಸಕ್ಕೆ ಸಂಭಾವನೆ ಕೇಳುವ ಹಕ್ಕಿಲ್ಲ (ಸೆಕ್ಷನ್ 13).

ನಿವೃತ್ತಿ: ಎಲ್ಲರ ಒಪ್ಪಿಗೆಯಿಂದ, ಅಥವಾ ಪತ್ರದಲ್ಲಿ ಬರೆದಂತೆ, ಅಥವಾ ಅವಧಿ ನಿಗದಿಯಾಗದ ಪಾಲುದಾರಿಕೆಯಲ್ಲಿ ಲಿಖಿತ ನೋಟಿಸ್ ಕೊಟ್ಟು ಹೊರಬರಬಹುದು (ಸೆಕ್ಷನ್ 32). ಯಾವ ವಯಸ್ಸಿಗೆ, ಎಷ್ಟು ತಿಂಗಳ ನೋಟಿಸ್, ಹಣ ಎಷ್ಟು ಕಂತಿನಲ್ಲಿ ಎಂಬುದನ್ನು ಬರೆದಿಡಬೇಕು.

ಬಾಕಿ ಹಣಕ್ಕೆ ಬಡ್ಡಿ: ಲೆಕ್ಕ ತೀರಿಸದೆ ವ್ಯಾಪಾರ ಮುಂದುವರಿಸಿದರೆ ಹೊರಬಂದವರು ತಮ್ಮ ಪಾಲಿನಿಂದ ಬಂದ ಲಾಭವನ್ನಾದರೂ ಕೇಳಬಹುದು, ವರ್ಷಕ್ಕೆ ಶೇ. 6 ಬಡ್ಡಿಯನ್ನಾದರೂ ಕೇಳಬಹುದು. ಆಯ್ಕೆ ಅವರದು (ಸೆಕ್ಷನ್ 37). 20 ಲಕ್ಷ ಅಂಗಡಿಯಲ್ಲೇ ಉಳಿದರೆ ಶೇ. 6ರಂತೆ ವರ್ಷಕ್ಕೆ 1,20,000. ಅದೇ ಹಣ ಶೇ. 8.2ರ ಹಿರಿಯ ನಾಗರಿಕರ ಯೋಜನೆಯಲ್ಲಿದ್ದರೆ 1,64,000. ಅಣ್ಣನ ಹಣವನ್ನು 'ಇರಲಿ, ಮನೆಯದೇ ಅಲ್ಲವೇ' ಎಂದು ವರ್ಷಗಟ್ಟಲೆ ಬಡ್ಡಿಯಿಲ್ಲದೆ ಇಟ್ಟುಕೊಳ್ಳುವುದು ಪ್ರೀತಿಯ ಲೆಕ್ಕವಾಗದು. ಮುಂದೆ ಮಕ್ಕಳ ಕಾಲಕ್ಕೆ ಅದೇ ಜಗಳದ ಮೂಲ.

ಗುಡ್‌ವಿಲ್: ಅಂಗಡಿಯ ಹೆಸರಿಗೂ ಬೆಲೆಯಿದೆ, ಅದು ಸಂಸ್ಥೆಯ ಆಸ್ತಿ. ಹೊರಹೋಗುವವರಿಗೆ ಅದರ ಪಾಲು ಹೇಗೆ ಕಟ್ಟಬೇಕೆಂದು ಬರೆಯಬೇಕು. ಬಂಡವಾಳ ಖಾತೆಯಲ್ಲಿ ಇರುವುದಕ್ಕಿಂತ ಹೆಚ್ಚು ಹಣ ಅಥವಾ ಆಸ್ತಿ ಕೊಟ್ಟರೆ ಸೆಕ್ಷನ್ 45(4)ರಂತೆ ಸಂಸ್ಥೆಗೆ ತೆರಿಗೆ ಬೀಳಬಹುದು. ಆದ್ದರಿಂದ ಕೊಡುವ ಮೊದಲೇ ಆಡಿಟರ್ ಬಳಿ ಲೆಕ್ಕ ಹಾಕಿಸಬೇಕು.

ಮರಣ: ಒಪ್ಪಂದ ಇಲ್ಲದಿದ್ದರೆ ಒಬ್ಬ ಪಾಲುದಾರ ತೀರಿಕೊಂಡ ಕೂಡಲೇ ಸಂಸ್ಥೆ ವಿಸರ್ಜನೆ (ಸೆಕ್ಷನ್ 42). ಇಬ್ಬರೇ ಪಾಲುದಾರರಿದ್ದರೆ 'ಮುಂದುವರಿಯುತ್ತದೆ' ಎಂದು ಬರೆದಿದ್ದರೂ ಉಳಿಯದು. ಒಬ್ಬರೇ ಪಾಲುದಾರಿಕೆ ಮಾಡಲಾಗದು. ಜೈನರಿಗೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೇ ಅನ್ವಯ. ಉಯಿಲು ಇಲ್ಲದಿದ್ದರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಾಯಿ ಎಲ್ಲರಿಗೂ ಪಾಲಿದೆ ಎಂಬುದನ್ನು ಮರೆಯಬಾರದು.

ಸಾರ್ವಜನಿಕ ನೋಟಿಸ್: ನಿವೃತ್ತರಾದವರು ರಿಜಿಸ್ಟ್ರಾರ್‌ಗೆ ತಿಳಿಸಿ, ರಾಜ್ಯಪತ್ರದಲ್ಲಿ ಮತ್ತು ಜಿಲ್ಲೆಯಲ್ಲಿ ಓದುವ ಒಂದು ದೇಶಭಾಷೆಯ ಪತ್ರಿಕೆಯಲ್ಲಿ ಪ್ರಕಟಿಸುವವರೆಗೆ ಹೊರಗಿನವರ ಸಾಲಕ್ಕೆ ಹೊಣೆ ಮುಂದುವರಿಯಬಹುದು. ಬ್ಯಾಂಕ್ ಜಾಮೀನನ್ನೂ ಬೇರೆಯಾಗಿ ಬಿಡಿಸಿಕೊಳ್ಳಬೇಕು. ಜಿಎಸ್‌ಟಿ ನೋಂದಣಿಯಲ್ಲಿ ಪಾಲುದಾರರ ಬದಲಾವಣೆಯನ್ನು 15 ದಿನದೊಳಗೆ ತಿಳಿಸಬೇಕು.

9. ಸಣ್ಣ ಅಂಗಡಿಯ ಕೆಲಸಗಾರರಿಗೆ ಇರುವ ದಾರಿಗಳು

ಅಟಲ್ ಪಿಂಚಣಿ ಯೋಜನೆ: 18ರಿಂದ 40 ವಯಸ್ಸಿನವರಿಗೆ, ಉಳಿತಾಯ ಖಾತೆ ಇರುವ ಬ್ಯಾಂಕಿನಲ್ಲೇ. ಆದಾಯ ತೆರಿಗೆ ಕಟ್ಟುವವರು 2022ರ ಅಕ್ಟೋಬರ್ 1ರಿಂದ ಸೇರುವಂತಿಲ್ಲ. 30 ವಯಸ್ಸಿನ ಕೆಲಸಗಾರ ತಿಂಗಳಿಗೆ 577 ರೂಪಾಯಿ ಕಟ್ಟಿದರೆ 60ರಿಂದ ತಿಂಗಳಿಗೆ 5,000 ಪಿಂಚಣಿ. ಅವನ ನಂತರ ಹೆಂಡತಿಗೆ. ಇಬ್ಬರ ನಂತರ ನಾಮಿನಿಗೆ 8.5 ಲಕ್ಷ. 25 ವಯಸ್ಸಿನವರಿಗೆ ಕಂತು 376, 18ರವರಿಗೆ 210. ಮೇಲಿನ ಉದಾಹರಣೆಯ 450 ರೂಪಾಯಿಯನ್ನು ಅಂಗಡಿ ಕೊಟ್ಟು, 127 ರೂಪಾಯಿ ಕೆಲಸಗಾರ ಹಾಕಿದರೆ 30ರವನ ಪೂರ್ಣ ಕಂತು ಆಯಿತು.

ಶ್ರಮಯೋಗಿ ಮಾನ್‌ಧನ್: ತಿಂಗಳಿಗೆ 15,000 ಮೀರದ ಆದಾಯದ, ಪಿಎಫ್ ಇಲ್ಲದ 18ರಿಂದ 40 ವಯಸ್ಸಿನವರಿಗೆ. 29 ವಯಸ್ಸಿನವರಿಗೆ ಕಂತು 100 ರೂಪಾಯಿ. ಸರ್ಕಾರವೂ 100 ಹಾಕುತ್ತದೆ. 60ರಿಂದ 3,000 ಪಿಂಚಣಿ.

ಎನ್‌ಪಿಎಸ್: ಅಂಗಡಿಯೇ ಮಾಲೀಕರಾಗಿ ನೋಂದಾಯಿಸಿಕೊಂಡು ಕೆಲಸಗಾರರ ಖಾತೆಗೆ ಕಟ್ಟಬಹುದು. ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ. 14ರವರೆಗೆ ಅಂಗಡಿಗೆ ಖರ್ಚು. 40 ದಾಟಿದ ಗುಮಾಸ್ತರಿಗೆ ಅಟಲ್ ಯೋಜನೆ ಸಿಗದ ಕಾರಣ ಈ ದಾರಿ ಮುಖ್ಯ.

ಸ್ವಇಚ್ಛೆಯ ಪಿಎಫ್: 20 ಜನ ಇಲ್ಲದಿದ್ದರೂ ಮಾಲೀಕರು ಮತ್ತು ಹೆಚ್ಚಿನ ಕೆಲಸಗಾರರು ಒಪ್ಪಿ ಪಿಎಫ್‌ಗೆ ಸೇರಬಹುದು. ವಿಮೆ, ಪಿಂಚಣಿ ಎರಡೂ ಸಿಗುತ್ತದೆ. ಆದರೆ ಪ್ರತಿ ತಿಂಗಳ 15ನೇ ತಾರೀಖಿನೊಳಗೆ ತಪ್ಪದೆ ಕಟ್ಟುವ ಶಿಸ್ತು ಬೇಕು. ಕೆಲಸಗಾರನ ಪಾಲನ್ನು ಒಂದು ದಿನ ತಡವಾಗಿ ಕಟ್ಟಿದರೂ ಅದು ತೆರಿಗೆ ಲೆಕ್ಕದಲ್ಲಿ ಖರ್ಚಾಗದು ಎಂದು ಸುಪ್ರೀಂ ಕೋರ್ಟ್ 2022ರ ಅಕ್ಟೋಬರ್‌ನಲ್ಲಿ ಹೇಳಿದೆ.

10. ಸಾಮಾನ್ಯವಾಗಿ ಬರುವ ಪ್ರಶ್ನೆಗಳು

ಪ್ರಶ್ನೆ: ಕೆಲಸಗಾರರು ಎರಡು ವರ್ಷಕ್ಕೇ ಬಿಟ್ಟು ಹೋಗುತ್ತಾರೆ. ಅವರಿಗೇಕೆ ಕಟ್ಟಬೇಕು?
ಉತ್ತರ: ಎಲ್ಲರಿಗೂ ಮೊದಲ ದಿನದಿಂದಲೇ ಕಟ್ಟಬೇಕೆಂದಿಲ್ಲ. ಒಂದು ವರ್ಷ ಪೂರೈಸಿದವರಿಗೆ ಎಂದು ನಿಯಮ ಮಾಡಬಹುದು. ಮಾಡಿದ ನಿಯಮ ಎಲ್ಲರಿಗೂ ಒಂದೇ ಇರಬೇಕು, ಬರೆದಿರಬೇಕು.

ಪ್ರಶ್ನೆ: ಮಗಳ ಮದುವೆಗೆ, ಆಸ್ಪತ್ರೆಗೆ ಸಹಾಯ ಮಾಡುತ್ತೇವಲ್ಲ, ಅದು ಸಾಲದೇ?
ಉತ್ತರ: ಅದು ಒಳ್ಳೆಯದೇ. ಆದರೆ ಅದು ಕೊಡುವವರ ಮನಸ್ಸಿನ ಮೇಲೆ ನಿಂತಿದೆ. ಹಿರಿಯರು ಹೋಗಿ ಮುಂದಿನ ತಲೆಮಾರು ಬಂದಾಗ ಆ ಮಾತು ನೆನಪಿರದು. ಕೆಲಸಗಾರನ ಸ್ವಂತ ಹೆಸರಿನ ಖಾತೆಯಲ್ಲಿ ಬಿದ್ದ ಹಣ ಮಾತ್ರ ಅವನದು.

ಪ್ರಶ್ನೆ: ಅವಿಭಕ್ತ ಕುಟುಂಬ ಪಾಲುದಾರ ಆಗಬಹುದೇ?
ಉತ್ತರ: ಕುಟುಂಬ ಪಾಲುದಾರ ಆಗದು, ಕರ್ತಾ ತನ್ನ ಹೆಸರಿನಲ್ಲಿ ಪಾಲುದಾರನಾಗಿ ಕುಟುಂಬವನ್ನು ಪ್ರತಿನಿಧಿಸಬಹುದು.

ಪ್ರಶ್ನೆ: ಎಲ್‌ಎಲ್‌ಪಿ ಮಾಡಿಕೊಂಡರೆ ಪಾಲುದಾರರಿಗೆ ಪಿಎಫ್ ಸಿಗುತ್ತದೆಯೇ?
ಉತ್ತರ: ತೆರಿಗೆಯಲ್ಲಿ ಎಲ್‌ಎಲ್‌ಪಿ ಪಾಲುದಾರರ ಸಂಭಾವನೆಗೂ ಸೆಕ್ಷನ್ 40(ಬಿ) ಮಿತಿಯೇ; ಅದೂ ವ್ಯಾಪಾರದ ಆದಾಯವೇ. ಪಿಎಫ್‌ಗಾಗಿ ಸ್ವರೂಪ ಬದಲಿಸುವುದರಲ್ಲಿ ಅರ್ಥವಿಲ್ಲ.

ಮಾರ್ಚ್ ಮುಗಿಯುವ ಮೊದಲು ಮಾಡಬೇಕಾದ್ದು

ಪಾಲುದಾರಿಕೆ ಪತ್ರವನ್ನು ಪೆಟ್ಟಿಗೆಯಿಂದ ತೆಗೆದು ಸಂಭಾವನೆ, ನಿವೃತ್ತಿ, ಮರಣ, ಬಡ್ಡಿ ಕಲಮುಗಳನ್ನು ಎಲ್ಲ ಪಾಲುದಾರರೂ ಒಟ್ಟಿಗೆ ಕುಳಿತು ಓದಬೇಕು. ಪ್ರತಿ ಪಾಲುದಾರನ ಬಂಡವಾಳ ಖಾತೆಯ ಶಿಲ್ಕನ್ನು ಬರೆದು ಎಲ್ಲರೂ ಸಹಿ ಮಾಡಬೇಕು. ಕೆಲಸಗಾರರ ಹೆಸರು, ವಯಸ್ಸು, ಸೇರಿದ ವರ್ಷ, ಸಂಬಳ, ಅವರಿಗೆ ಯಾವ ಪಿಂಚಣಿ ಖಾತೆ ಇದೆ ಎಂಬ ಒಂದು ಪಟ್ಟಿ ಮಾಡಬೇಕು. 40 ವರ್ಷ ತುಂಬಲು ಹತ್ತಿರವಿರುವವರನ್ನು ಮೊದಲು ನೋಡಬೇಕು, ಏಕೆಂದರೆ 40 ದಾಟಿದರೆ ಎರಡು ಯೋಜನೆಗಳ ಬಾಗಿಲು ಮುಚ್ಚುತ್ತದೆ. ಕೊನೆಗೆ, ಪಾಲುದಾರರ ಉಳಿತಾಯ ಒಂದು ಕಡೆ, ಕೆಲಸಗಾರರ ಉಳಿತಾಯ ಇನ್ನೊಂದು ಕಡೆ ಬರೆದು ಶೇ. 60ರ ಅಳತೆ ಹಾಕಿ ನೋಡಬೇಕು. ಕಾನೂನು ಕೇಳದಿದ್ದರೂ ಆ ಒಂದು ಹಾಳೆ ಅಂಗಡಿಯ ಪುಸ್ತಕದಲ್ಲಿ ಇರಲಿ.